ಮೀನಿನ ತೊಟ್ಟಿ ಮತ್ತು ಬಿಟ್ಟಿ ಸಲಹೆ

ಮನೆಗೆ ಅಕ್ವೇರಿಯಂ ತಂದ ವಾರದೊಳಗೆ ನನಗೆ ಗೊತ್ತಾದ ಮೊದಲ ಸಂಗತಿಯೆಂದರೆ, ನಮ್ಮ ಬೀದಿಯಲ್ಲಿ ಮೀನಿನ ಬಗ್ಗೆ ಏನೂ ತಿಳಿಯದವನು ನಾನೊಬ್ಬನೇ ಎಂಬುದು. ಮೇಲಿನ ಮನೆಯ ಅಂಕಲ್ ಬಂದು, “ಎರಡು ದಿನಕ್ಕೊಮ್ಮೆ ನೀರು ಪೂರ್ತಿ ಚೆಲ್ಲಿಬಿಡಿ. ಕಲ್ಲು, ಸ್ಪಂಜು ಎಲ್ಲ ನಲ್ಲಿ ನೀರಲ್ಲಿ ತಿಕ್ಕಿ ತೊಳೀರಿ” ಎಂದರು. ಹಾಲಿನ ಹುಡುಗ, “ನೀರು ಮುಟ್ಟಲೇಬೇಡಿ ಸಾರ್, ಹಳೇ ನೀರಿದ್ದರೇನೇ ಮೀನು ಬದುಕೋದು” ಎಂದ. ನಾನು ಇಬ್ಬರನ್ನೂ ಕೇಳಿರಲಿಲ್ಲ. ಹಿರಿಯರ ಮಾತೆಂದು ಅಂಕಲ್ ಹೇಳಿದಂತೆ ಮಾಡಿದೆ. ಮೂರನೆಯ ವಾರಕ್ಕೆ ನಾಲ್ಕು ಗೋಲ್ಡ್‌ಫಿಶ್‌ಗಳಲ್ಲಿ ಮೂರು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಂಕಲ್ ಬಗ್ಗಿ ನೋಡಿ, “ನೀವು ಸರಿಯಾಗಿ ತೊಳೆದಿಲ್ಲ” ಎಂದರು.

ಆ ಸಿಟ್ಟು ಇಳಿದ ಮೇಲೆ ಒಂದು ಕುತೂಹಲ ಉಳಿಯಿತು. ಒಂದಕ್ಕೊಂದು ತದ್ವಿರುದ್ಧವಾದ ಈ ಎರಡು ಮಾತುಗಳನ್ನು ಇಬ್ಬರೂ ಅಷ್ಟೊಂದು ಗಟ್ಟಿಯಾಗಿ ಹೇಳಿದ್ದು ಹೇಗೆ? ಹುಡುಕುತ್ತ ಹೋದರೆ ದಾರಿ ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿಗೆ ಹೋಗಿ ಮುಟ್ಟಿತು. ಮನೆಯೊಳಗೆ ಗಾಜಿನ ತೊಟ್ಟಿಯಿಟ್ಟು ಜಲಚರಗಳನ್ನು ಸಾಕುವ ಹುಚ್ಚು ಹಬ್ಬಿದ್ದು ಅಲ್ಲಿ. ಆ ಹುಚ್ಚಿನ ಜೊತೆಗೇ ಸಲಹೆಯ ಸುಗ್ಗಿಯೂ ಶುರುವಾಯಿತು.

ಮೊದಮೊದಲು ಸಲಹೆ ಕೊಡಲು ಯಾರಿಗೂ ಏನೂ ಗೊತ್ತಿರಲಿಲ್ಲ. 1846ರಲ್ಲಿ ಆನಾ ಥಿನ್ ಎಂಬ ಮಹಿಳೆ ಟಾರ್ಕೀ ಎಂಬ ಕಡಲೂರಿನಿಂದ ಹವಳದ ಜೀವಿಗಳನ್ನು ಲಂಡನ್ನಿಗೆ ತಂದರು. ಕಡಲ ನೀರು ಕೆಡದಂತೆ ಉಳಿಸುವುದು ಹೇಗೆ? ತೆರೆದ ಕಿಟಕಿಯ ಮುಂದೆ ನಿಂತು, ಆ ನೀರನ್ನು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತಿ ಹೊಯ್ಯುವ ಕೆಲಸ ಮನೆಗೆಲಸದಾಕೆಯ ಪಾಲಿಗೆ ಬಂತು. ದಿನವೂ ಅರ್ಧ ಮುಕ್ಕಾಲು ಗಂಟೆ! ಇಂದು ತೊಟ್ಟಿಯ ಮೂಲೆಯಲ್ಲಿ ಗುಳುಗುಳು ಎನ್ನುವ ಏರ್ ಪಂಪಿನ ಕೆಲಸವನ್ನು ಅಂದು ಮಾಡುತ್ತಿದ್ದದ್ದು ಒಬ್ಬ ಹೆಂಗಸಿನ ರಟ್ಟೆ. ಮುಂದೆ ಥಿನ್ ನೀರಿಗೆ ಕಡಲ ಸಸ್ಯಗಳನ್ನೂ ಸೇರಿಸಿ ನೋಡಿದರು. ತಮ್ಮ ಅನುಭವವನ್ನು ಅವರು ಪತ್ರಿಕೆಯಲ್ಲಿ ಪ್ರಕಟಿಸಿದ್ದು 1859ರಲ್ಲಿ. ಅಷ್ಟು ಹೊತ್ತಿಗೆ ಊರೆಲ್ಲ ಸಲಹೆಗಾರರೇ ತುಂಬಿದ್ದರು.

ನನಗೆ ತುಂಬ ಹಿಡಿಸಿದವನು ರಾಬರ್ಟ್ ವಾರಿಂಗ್ಟನ್. ಲಂಡನ್ನಿನ ಔಷಧ ತಯಾರಕರ ಸಂಘದಲ್ಲಿ ರಸಾಯನಶಾಸ್ತ್ರಜ್ಞನಾಗಿದ್ದವನು. ಸುಮಾರು 54 ಲೀಟರ್ ಹಿಡಿಯುವ ಪಾತ್ರೆಯಲ್ಲಿ ಎರಡು ಗೋಲ್ಡ್‌ಫಿಶ್ ಮತ್ತು ವ್ಯಾಲಿಸ್ನೇರಿಯಾ ಎಂಬ ನೀರುಹುಲ್ಲನ್ನು ಇಟ್ಟ. ಗಿಡ ಆಮ್ಲಜನಕ ಕೊಡುತ್ತದೆ, ಮೀನು ಉಸಿರಾಡುತ್ತದೆ, ನೀರು ತಾನಾಗಿ ಚೊಕ್ಕಟವಾಗಿರುತ್ತದೆ ಎಂಬುದು ಅವನ ಲೆಕ್ಕ. ಆದರೆ ಹುಲ್ಲಿನ ಹಳೆಯ ಎಲೆಗಳು ಕೊಳೆತು ನೀರು ಕದಡಿತು, ಗಾಜಿಗೆ ಪಾಚಿ ಕಟ್ಟಿತು. ಆಗ ಅವನು ಕೆರೆಯ ಬಸವನಹುಳುಗಳನ್ನು ತಂದು ಬಿಟ್ಟ. ಅವು ಕೊಳೆತದ್ದನ್ನು ತಿಂದವು. ಅವುಗಳ ಮೊಟ್ಟೆಗಳು ಮೀನಿಗೆ ಆಹಾರವಾದವು. 1850ರಲ್ಲಿ ಅವನು ಬರೆದ ವರದಿಯಲ್ಲಿ ಲೆಕ್ಕ ತಪ್ಪಿದ್ದೂ ಇದೆ, ತಿದ್ದಿಕೊಂಡದ್ದೂ ಇದೆ. ‘ನಾನು ಹೀಗೆ ಮಾಡಿದೆ, ಹೀಗಾಯಿತು’ ಎಂಬುದು ಅದರ ಧಾಟಿ.

ಈ ಧಾಟಿ ಬಹಳ ದಿನ ಉಳಿಯಲಿಲ್ಲ. 1845ರಲ್ಲಿ ಇಂಗ್ಲೆಂಡಿನಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಗಿತ್ತು. ರೈಲು ಹತ್ತಿದರೆ ಕಡಲತೀರ ಕೆಲವೇ ಗಂಟೆಗಳ ದಾರಿಯಾಗಿತ್ತು. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಜಲಚರಗಳ ಶಾಲೆ ತೆರೆದಾಗ ಜನ ಮುಗಿಬಿದ್ದರು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಎಂಬ ನಿಸರ್ಗಶಾಸ್ತ್ರಜ್ಞನ ‘ದಿ ಅಕ್ವೇರಿಯಂ’ ಹೊರಬಂತು. ‘ಅಕ್ವೇರಿಯಂ’ ಎಂಬ ಹೆಸರು ಜನರ ಬಾಯಲ್ಲಿ ನಿಂತದ್ದು ಆ ಪುಸ್ತಕದಿಂದ. ಚಾರ್ಲ್ಸ್ ಕಿಂಗ್ಸ್‌ಲಿ, ಶರ್ಲಿ ಹಿಬರ್ಡ್ ಮೊದಲಾದವರ ಪುಸ್ತಕಗಳೂ ಬೆನ್ನಿಗೇ ಬಂದವು. ಎಂಥ ತೊಟ್ಟಿ ಕೊಳ್ಳಬೇಕು, ಕಡಲು ದೂರವಿದ್ದವರು ನಾಲ್ಕು ಬಗೆಯ ಲವಣ ಬೆರೆಸಿ ಮನೆಯಲ್ಲೇ ಉಪ್ಪುನೀರು ಮಾಡಿಕೊಳ್ಳುವುದು ಹೇಗೆ, ಬಂಡೆಗೆ ಅಂಟಿದ ಜೀವಿಗಳನ್ನು ಸುತ್ತಿಗೆ ಉಳಿ ಹಿಡಿದು ಎಬ್ಬಿಸುವುದು ಹೇಗೆ ಎಂಬುದಕ್ಕೆಲ್ಲ ಉತ್ತರ ಸಿದ್ಧವಾಯಿತು. ಪುಸ್ತಕವೂ ಒಂದರ್ಥದಲ್ಲಿ ಕೇಳದೆ ಬಂದ ಸಲಹೆಯೇ. ‘ನಾನು ಮಾಡಿದೆ’ ಎಂಬುದು ‘ನೀವು ಮಾಡಿ’ ಎಂದಾದದ್ದು ಇಲ್ಲಿ.

ಜನ ಮಾಡಿದರು. ಗಾಸ್ ಸಂಭ್ರಮದಿಂದ ಬಣ್ಣಿಸಿದ್ದ ಡೆವನ್ ತೀರದ ಬಂಡೆಗುಂಡಿಗಳಿಗೆ ಹಿಂಡುಹಿಂಡಾಗಿ ಬಂದರು, ಕಿತ್ತರು, ಜಾಡಿಗಳಲ್ಲಿ ತುಂಬಿಕೊಂಡು ಹೋದರು. ಅವುಗಳಲ್ಲಿ ಎಷ್ಟೋ ಜೀವಿಗಳು ನಗರದ ಮನೆಗಳಲ್ಲಿ ಸತ್ತು ನಾರಿದವು. ಗಾಸ್‌ನ ಮಗ ಎಡ್ಮಂಡ್ ಬಾಲಕನಾಗಿದ್ದಾಗ ಅಪ್ಪನ ಜೊತೆ ಅದೇ ನೀರಿನಲ್ಲಿ ಕಾಲಾಡಿಸಿದವನು. 1907ರಲ್ಲಿ ‘ಫಾದರ್ ಅಂಡ್ ಸನ್’ ಎಂಬ ಆತ್ಮಕಥನದಲ್ಲಿ ಆ ತೀರ ಹೇಗೆ ಬರಿದಾಯಿತೆಂದು ನೊಂದು ಬರೆದಿದ್ದಾನೆ. ಇದರಲ್ಲಿ ತನ್ನ ಪಾಲೂ ಇದೆಯೆಂದು ಅಪ್ಪನಿಗೆ ಅರಿವಾಗುವಷ್ಟರಲ್ಲಿ ಕಾಲ ಮಿಂಚಿತ್ತಂತೆ. ಅದು ಅವನನ್ನು ಬಹಳ ಕಾಡಿತಂತೆ. ಗಾಸ್ ಕೆಟ್ಟ ಸಲಹೆ ಕೊಟ್ಟವನಲ್ಲ. ತನಗೆ ಪ್ರಿಯವಾದದ್ದನ್ನು ಎಲ್ಲರಿಗೂ ತೋರಿಸಹೋದ, ಅಷ್ಟೇ. ಒಬ್ಬ ಮಾಡಿದಾಗ ಪರವಾಗಿಲ್ಲದ ಕೆಲಸ ಸಾವಿರ ಜನ ಮಾಡಿದಾಗ ಏನಾಗುತ್ತದೆಂದು ಅವನು ಯೋಚಿಸಿರಲಿಲ್ಲ. ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲಿ ‘ಮಿಸ್ ಕೇರಳ’ ಎಂಬ ಕೆಂಪುಗೆರೆಯ ಮೀನು ಅಳಿವಿನಂಚಿಗೆ ಬಂದಿರುವುದಕ್ಕೂ ಅಕ್ವೇರಿಯಂಗಳಿಗಾಗಿ ಹಿಡಿದದ್ದೇ ಒಂದು ಮುಖ್ಯ ಕಾರಣವೆಂದು ತಿಳಿದಾಗ ನನಗೆ ನೆನಪಾದದ್ದು ಡೆವನ್ ತೀರ.

ಇನ್ನು ಹಾಲಿನ ಹುಡುಗನ ಹಳೇ ನೀರಿನ ವಿಚಾರ. ವಾರಿಂಗ್ಟನ್ ಒಂದು ಪಾತ್ರೆಯಲ್ಲಿ ಕಂಡ ಸಮತೋಲನ ಬಾಯಿಂದ ಬಾಯಿಗೆ ದಾಟುತ್ತ ನಿಯಮವಾಯಿತು: ಗಿಡ ಹಾಕಿದರೆ ಸಾಕು, ನೀರು ಬದಲಿಸುವುದೇ ಬೇಡ. ಅವನಿಗೂ ಕಾಣದ ಒಂದು ಪಾತ್ರಧಾರಿ ಆ ಪಾತ್ರೆಯಲ್ಲಿತ್ತು. ಮೀನಿನ ಮಲ ಮೂತ್ರ ಉಸಿರುಗಳಿಂದ ಅಮೋನಿಯಾ ಹುಟ್ಟುತ್ತದೆ. ಅದು ಮೀನಿಗೆ ವಿಷ. ಕಲ್ಲು, ಸ್ಪಂಜುಗಳ ಮೇಲೆ ನೆಲೆಸಿದ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಇದು ಸೂಕ್ಷ್ಮಜೀವಿಗಳ ಕೆಲಸವೆಂದು ಫ್ರಾನ್ಸಿನ ಷ್ಲೋಸಿಂಗ್ ಮತ್ತು ಮ್ಯುಂಟ್ಜ್ ತೋರಿಸಿದ್ದು 1877ರಲ್ಲಿ. ಅವು ಯಾವುವೆಂದು ವಿನೋಗ್ರಾಡ್‌ಸ್ಕಿ ಬೇರ್ಪಡಿಸಿ ತೋರಿಸಿದ್ದು 1890ರ ಸುಮಾರಿಗೆ. ಅದೂ ಮಣ್ಣು, ಕೊಳಚೆ ನೀರುಗಳ ಅಧ್ಯಯನದಲ್ಲಿ. ಹಾಗಾಗಿ ಹುಡುಗನ ಮಾತು ಅರ್ಧ ಸರಿ: ಹಳೆಯ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಇರುತ್ತವೆ. ಅರ್ಧ ತಪ್ಪು: ನೀರು ಬದಲಿಸದಿದ್ದರೆ ನೈಟ್ರೇಟ್ ಸೇರುತ್ತಲೇ ಹೋಗುತ್ತದೆ. ಅಂಕಲ್ ಮಾತೂ ಅರ್ಧ ಸರಿ: ನೀರು ಬದಲಿಸಲೇಬೇಕು, ಆದರೆ ಒಂದಿಷ್ಟು ಮಾತ್ರ. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ಸ್ಪಂಜು ತಿಕ್ಕಿದಾಗಲೆಲ್ಲ ನಾನು ತೊಳೆದು ಚೆಲ್ಲಿದ್ದು ಮೀನುಗಳನ್ನು ಕಾಯುತ್ತಿದ್ದ ಆ ಜೀವಿಗಳನ್ನೇ.

ಇಷ್ಟು ತಿಳಿದ ಮೇಲೆ ನಾನೂ ಸಲಹೆಗಾರನಾದೆ. ನೆಂಟರ ಮನೆಯ ಟಿವಿ ಪಕ್ಕದಲ್ಲಿ ಸಣ್ಣ ಗಾಜಿನ ಬೋಗುಣಿಯಲ್ಲಿ ಎರಡು ಗೋಲ್ಡ್‌ಫಿಶ್ ಕಂಡವು. ಕಾಫಿ ಕುಡಿದು ಮುಗಿಸುವ ಮೊದಲೇ ಅಮೋನಿಯಾದಿಂದ ಹಿಡಿದು ವಿನೋಗ್ರಾಡ್‌ಸ್ಕಿಯವರೆಗೆ ಹೇಳಿ, “ಇದು ಹಿಂಸೆ, ಮೊದಲು ದೊಡ್ಡ ತೊಟ್ಟಿ ತನ್ನಿ” ಎಂದೆ. ಅತ್ತಿಗೆ ಮುಖ ಗಂಟಿಕ್ಕಿ, “ಮಗು ಆಸೆಪಟ್ಟು ತಂದದ್ದು” ಎಂದು ಒಳಗೆ ಹೋದರು. ನಾನು ಹೇಳಿದ್ದೆಲ್ಲ ನಿಜವೇ. ಆದರೂ ಆ ಬೋಗುಣಿ ಅಲ್ಲೇ ಉಳಿಯಿತು. ನನ್ನ ದನಿ ಮಾತ್ರ ಥೇಟ್ ಅಂಕಲ್‌ನದೇ ಎನ್ನಿಸಿತು.

ಮುಂದಿನ ಸಲ ಹೋದಾಗ ಬೋಗುಣಿಯಲ್ಲಿ ಒಂದೇ ಮೀನಿತ್ತು. ಮಗು ಅದರ ಮುಂದೆ ಕೂತಿತ್ತು. ನಾನೂ ಪಕ್ಕದಲ್ಲಿ ಕೂತು, “ನನ್ನ ಹತ್ತಿರ ನಾಲ್ಕಿದ್ದವು. ಮೂರು ಸತ್ತುಹೋದವು, ನಂದೇ ತಪ್ಪು” ಎಂದೆ. ಮಗು ತಿರುಗಿ ನೋಡಿತು. ಬಾಗಿಲ ಬಳಿ ನಿಂತಿದ್ದ ಅತ್ತಿಗೆಯೇ ಕೇಳಿದರು: “ಹೌದಾ? ನೀವೇನು ಮಾಡಿದ್ರಿ?”