ಬೇಲಿಯೇ ಹೊಲ ಮೇಯ್ದಾಗ: ಆಟೋಇಮ್ಯೂನ್ ಕಾಯಿಲೆಗಳ ಚರಿತ್ರೆ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಿ ಎಂದು ಸಂಪಾದಕ ಸಮಿತಿಯವರು ಕೇಳಿದರು. ಇದೇ ಶಾಲೆಯಲ್ಲಿ ಓದಿ, ಮುಂದೆ ಇಲ್ಲಿಯೇ ಹದಿನೆಂಟು ವರ್ಷ ವಿಜ್ಞಾನ ಕಲಿಸಿದವಳು ನಾನು. ಶಾಲೆಯ ನೆನಪುಗಳನ್ನು ನನಗಿಂತ ಚೆನ್ನಾಗಿ ಬರೆಯುವವರಿದ್ದಾರೆ. ನಾನು ಬೇರೊಂದು ವಿಷಯ ಆರಿಸಿಕೊಂಡಿದ್ದೇನೆ. "ಟೀಚರ್, ನಿಮ್ಮ ಬೆರಳು ಯಾಕೆ ಸೊಟ್ಟ?" ಎಂದು ಪ್ರತಿವರ್ಷವೂ ಯಾರಾದರೊಬ್ಬರು ಕೇಳುತ್ತಿದ್ದರು. ನಲವತ್ತು ನಿಮಿಷದ ಪೀರಿಯಡ್ಡಿನಲ್ಲಿ ಅದಕ್ಕೆ ಪೂರ್ತಿ ಉತ್ತರ ಹೇಳಲು ಆಗುತ್ತಿರಲಿಲ್ಲ.

ನನಗಿರುವುದು ರುಮಟಾಯ್ಡ್ ಸಂಧಿವಾತ. ಬಿಳಿ ರಕ್ತಕಣಗಳು ದೇಹದ ಸೈನಿಕರು ಎಂದು ನಾವು ಪಾಠ ಮಾಡುತ್ತೇವೆ. ಆ ಸೈನಿಕರು ರೋಗಾಣುಗಳನ್ನು ಬಿಟ್ಟು ನಮ್ಮ ಕೀಲುಗಳ ಒಳಪೊರೆಯ ಮೇಲೆಯೇ ತಿರುಗಿಬಿದ್ದರೆ ಈ ಕಾಯಿಲೆ ಬರುತ್ತದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ. ಥೈರಾಯ್ಡ್ ಗ್ರಂಥಿಯ ಮೇಲೆ ಬಿದ್ದರೆ ಹಶಿಮೊಟೊ ಕಾಯಿಲೆ, ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ಬಿದ್ದರೆ ಟೈಪ್ 1 ಮಧುಮೇಹ, ಚರ್ಮ, ಕೀಲು, ಮೂತ್ರಪಿಂಡ ಎಲ್ಲದರ ಮೇಲೂ ಬೀಳಬಲ್ಲದ್ದು ಲೂಪಸ್.

ಇಂಥದ್ದೊಂದು ಇದೆ ಎಂದು ಒಪ್ಪಿಕೊಳ್ಳಲು ವಿಜ್ಞಾನಕ್ಕೆ ಅರ್ಧ ಶತಮಾನ ಹಿಡಿಯಿತು. 1900ರ ಸುಮಾರಿನಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಆಡುಗಳಿಗೆ ಬೇರೆ ಆಡುಗಳ ರಕ್ತ ಚುಚ್ಚಿ ನೋಡಿದರು. ಪರರ ರಕ್ತಕಣಗಳ ವಿರುದ್ಧ ಪ್ರತಿಕಾಯಗಳು ಹುಟ್ಟಿದವು, ತನ್ನದೇ ಕಣಗಳ ವಿರುದ್ಧ ಹುಟ್ಟಲಿಲ್ಲ. ದೇಹಕ್ಕೆ ತನ್ನನ್ನು ತಾನೇ ವಿಷಗೊಳಿಸಿಕೊಳ್ಳುವ ಭಯವಿದೆ ಎಂದು ಹೇಳಿ, ಅದಕ್ಕೆ 'ಹಾರರ್ ಆಟೋಟಾಕ್ಸಿಕಸ್' ಎಂಬ ಹೆಸರಿಟ್ಟರು. ಎರ್ಲಿಕ್ 1908ರಲ್ಲಿ ನೊಬೆಲ್ ಪಡೆದ ದೊಡ್ಡವರು. ಹಾಗಾಗಿ ಅವರ ಮಾತನ್ನು ಮುಂದಿನವರು 'ಅಂಥ ಕಾಯಿಲೆ ಇರಲು ಸಾಧ್ಯವೇ ಇಲ್ಲ' ಎಂದೇ ಓದಿಕೊಂಡರು.

ಸಾಕ್ಷಿ ಮಾತ್ರ ಆಗಲೇ ಎದುರಿಗಿತ್ತು. ರಕ್ತದ ಗುಂಪುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ 1904ರಲ್ಲಿ ಡೊನಾತ್ ಅವರೊಡನೆ ವಿಯೆನ್ನಾದಲ್ಲಿ, ಚಳಿ ತಗಲಿದರೆ ಮೂತ್ರ ಕೆಂಪಾಗುವ ರೋಗಿಗಳನ್ನು ಪರೀಕ್ಷಿಸಿದರು. ಅವರ ರಕ್ತದಲ್ಲಿ ತಮ್ಮದೇ ಕೆಂಪು ಕಣಗಳನ್ನು ಒಡೆಯುವ ಪ್ರತಿಕಾಯವಿತ್ತು. 1912ರಲ್ಲಿ ಜಪಾನಿನ ಹಕಾರು ಹಶಿಮೊಟೊ, ನಾಲ್ವರು ಮಹಿಳೆಯರ ಊದಿದ ಥೈರಾಯ್ಡ್ ಗ್ರಂಥಿಗಳಲ್ಲಿ ಬಿಳಿ ರಕ್ತಕಣಗಳು ತುಂಬಿಕೊಂಡಿರುವುದನ್ನು ವರ್ಣಿಸಿದರು. ಕಾರಣ ತಿಳಿದದ್ದು 1956ರಲ್ಲಿ. ಅಮೆರಿಕದ ಬಫಲೋದಲ್ಲಿ ನೋಯೆಲ್ ರೋಸ್ ಮತ್ತು ಅರ್ನೆಸ್ಟ್ ವಿಟೆಬ್‌ಸ್ಕಿ ಮೊಲಗಳಿಗೆ ಮೊಲದ ಥೈರಾಯ್ಡ್ ಸಾರವನ್ನೇ ಚುಚ್ಚಿದರು. ಆ ಮೊಲಗಳು ತಮ್ಮ ಗ್ರಂಥಿಯ ವಿರುದ್ಧ ತಾವೇ ಪ್ರತಿಕಾಯ ಹುಟ್ಟಿಸಿಕೊಂಡವು. ಗ್ರಂಥಿಗಳು ಹಶಿಮೊಟೊ ಕಂಡಂತೆಯೇ ಹಾಳಾದವು. ವಿಟೆಬ್‌ಸ್ಕಿ ಅವರು ಎರ್ಲಿಕ್ ಅವರ ಶಿಷ್ಯಪರಂಪರೆಗೆ ಸೇರಿದವರು; ಗುರುಮನೆಯ ಮಾತನ್ನೇ ಪ್ರಯೋಗ ಸುಳ್ಳಾಗಿಸಿತ್ತು. ಅದೇ ವರ್ಷ ಲಂಡನ್ನಿನಲ್ಲಿ ರಾಯ್ಟ್, ಡೋನಿಯಾಕ್ ಮತ್ತು ಸಂಗಡಿಗರು ರೋಗಿಗಳ ರಕ್ತದಲ್ಲಿಯೂ ಅಂಥ ಪ್ರತಿಕಾಯವನ್ನು ಕಂಡರು.

ಬೇಲಿ ಏಕೆ ದಾರಿ ತಪ್ಪುತ್ತದೆ? ಒಂದೇ ಕಾರಣವಿಲ್ಲ. ವಂಶವಾಹಿಗಳ ಪಾಲಿದೆ. ಹೆಂಗಸರಲ್ಲಿ ಈ ಕಾಯಿಲೆಗಳಲ್ಲಿ ಹೆಚ್ಚಿನವು ಜಾಸ್ತಿ. ಧೂಮಪಾನ ಸಂಧಿವಾತದ ಅಪಾಯವನ್ನು ಹೆಚ್ಚಿಸುತ್ತದೆ. ಕೆಲವೊಮ್ಮೆ ರೋಗಾಣುವಿನ ಹೋಲಿಕೆಯೂ ಮೋಸ ಮಾಡುತ್ತದೆ. ಸ್ಟ್ರೆಪ್ಟೋಕಾಕಸ್‌ನಿಂದ ಗಂಟಲು ನೋವು ಬಂದ ಕೆಲವು ಮಕ್ಕಳಲ್ಲಿ, ಆ ರೋಗಾಣುವಿಗಾಗಿ ಹುಟ್ಟಿದ ಪ್ರತಿರೋಧ ಅದನ್ನೇ ಹೋಲುವ ಹೃದಯದ ಕವಾಟಗಳನ್ನೂ ಕೆಡಿಸುತ್ತದೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಲ್ಲಿಯೇ ಇದು ಹೆಚ್ಚು. ಅಂದರೆ ನಮ್ಮ ಬೆಂಚುಗಳ ಮೇಲೆ ಕೂರುವ ಮಕ್ಕಳಲ್ಲಿ. ಗಂಟಲು ನೋವಿಗೆ ಸಕಾಲದಲ್ಲಿ ಕೊಟ್ಟ ಪೆನಿಸಿಲಿನ್ ಇದನ್ನು ತಡೆಯಬಲ್ಲದು. ದಾರಿ ತಪ್ಪಿದ ಕಣಗಳನ್ನು ಹದ್ದುಬಸ್ತಿನಲ್ಲಿಡುವ ಕಾವಲು ಕಣಗಳೂ ನಮ್ಮಲ್ಲಿವೆ. ಅವುಗಳನ್ನು ಜಪಾನಿನ ಶಿಮೊನ್ ಸಕಾಗುಚಿ 1995ರಲ್ಲಿ ಗುರುತಿಸಿದರು. ಆ ದಾರಿಯ ಸಂಶೋಧನೆಗೆ 2025ರ ನೊಬೆಲ್ ಮೂವರಿಗೆ ಸಂದಿತು.

ಇನ್ನು ಚಿಕಿತ್ಸೆ. 1922ರಲ್ಲಿ ಟೊರಾಂಟೊದಲ್ಲಿ ಹದಿನಾಲ್ಕು ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅಲ್ಲಿಯವರೆಗೆ ಈ ಮಧುಮೇಹ ಬಂದ ಮಕ್ಕಳು ಉಳಿಯುತ್ತಿರಲಿಲ್ಲ. 1948ರಲ್ಲಿ ಅಮೆರಿಕದ ಫಿಲಿಪ್ ಹೆಂಚ್ ಸಂಧಿವಾತದ ರೋಗಿಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟಾಗ ಕೆಲವೇ ದಿನಗಳಲ್ಲಿ ಅವರು ಎದ್ದು ಓಡಾಡಿದರು. ಎರಡೇ ವರ್ಷಕ್ಕೆ ನೊಬೆಲ್ ಬಂತು. ಆದರೆ ಹೆಚ್ಚು ಕಾಲ ತೆಗೆದುಕೊಂಡರೆ ಮೂಳೆ ಸವೆಯುತ್ತದೆ, ಮುಖ ಊದುತ್ತದೆ, ಸೋಂಕು ಬೇಗ ತಗಲುತ್ತದೆ ಎಂಬುದೂ ಬಲುಬೇಗ ತಿಳಿಯಿತು.

ನಾನು ವಾರಕ್ಕೊಮ್ಮೆ ನುಂಗುವ ಮಾತ್ರೆ ಮೆಥೋಟ್ರೆಕ್ಸೇಟ್. ಅದರ ತೊಂದರೆ ತಗ್ಗಿಸಲು ಜೊತೆಗೆ ಫೋಲಿಕ್ ಆಮ್ಲ. ಈ ಎರಡೂ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಒಬ್ಬ ಭಾರತೀಯನ ನೇತೃತ್ವದಲ್ಲಿ ತಯಾರಾದವು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿರಬೇಕು. ಅವರು 1895ರಲ್ಲಿ ಭೀಮವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಮೆಟ್ರಿಕ್ ಪರೀಕ್ಷೆ ಪಾಸಾದದ್ದು ಮೂರನೆಯ ಪ್ರಯತ್ನದಲ್ಲಿ. 1948ರಲ್ಲಿ ಅವರು ತೀರಿಕೊಂಡರು. ಕ್ಯಾನ್ಸರಿಗೆಂದು ಮಾಡಿದ ಔಷಧಿ ಕಡಿಮೆ ಪ್ರಮಾಣದಲ್ಲಿ ಸಂಧಿವಾತದ ಮುಖ್ಯ ಮದ್ದಾದುದನ್ನು ನೋಡಲು ಅವರಿರಲಿಲ್ಲ. 1990ರ ದಶಕದಲ್ಲಿ ಲಂಡನ್ನಿನ ಫೆಲ್ಡ್‌ಮನ್ ಮತ್ತು ಮೈನಿ, ಉರಿಯೂತ ಹಬ್ಬಿಸುವ ಟಿಎನ್‌ಎಫ್ ಎಂಬ ಒಂದೇ ಸಂಕೇತವನ್ನು ತಡೆಯುವ ಚಿಕಿತ್ಸೆಯನ್ನು ರೂಪಿಸಿದರು. ಇವು ಯಾವುವೂ ಕಾಯಿಲೆಯನ್ನು ಬೇರುಸಹಿತ ಕೀಳುವುದಿಲ್ಲ, ಹತೋಟಿಯಲ್ಲಿಡುತ್ತವೆ. ಸೀಮೆಸುಣ್ಣ ಹಿಡಿಯಲಾಗದೆ ಮಕ್ಕಳಿಂದಲೇ ಬೋರ್ಡಿನ ಮೇಲೆ ಬರೆಸಿದ ದಿನಗಳು ನನಗೂ ಇದ್ದವು. ನಿವೃತ್ತಿಯವರೆಗೆ ಪಾಠ ಮಾಡಲು ಸಾಧ್ಯವಾದದ್ದು ಆ ಹತೋಟಿಯಿಂದ.

ಪೋಷಕರಲ್ಲಿ, ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ವಿನಂತಿ ಇಷ್ಟೆ. ಬೆಳಗ್ಗೆ ಎದ್ದಾಗ ಕೈಬೆರಳ ಕೀಲುಗಳು ಊದಿ, ಬಹಳ ಹೊತ್ತು ಬಿಗಿದುಕೊಂಡಿದ್ದು, ಇದು ವಾರಗಟ್ಟಲೆ ಮುಂದುವರಿದರೆ ವಯಸ್ಸಿನ ನೋವೆಂದು ಸುಮ್ಮನಿರಬೇಡಿ. ಕೀಲು ಸವೆದ ಮೇಲೆ ಔಷಧಿ ಅದನ್ನು ಮೊದಲಿನಂತೆ ಮಾಡಲಾರದು. ಹೆಸರಿಲ್ಲದ ಪುಡಿ, ಗುಳಿಗೆಗಳ ಬೆನ್ನು ಹತ್ತಬೇಡಿ. ಕೆಲವದರಲ್ಲಿ ಸ್ಟೀರಾಯ್ಡ್ ಬೆರೆಸಿರುತ್ತಾರೆ. ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ. ಈ ಕಾಯಿಲೆಗಳು ಅಂಟುವಂಥವಲ್ಲ. ತರಗತಿಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಮಗುವಿದ್ದರೆ ಪಕ್ಕದಲ್ಲಿಯೇ ಕುಳಿತುಕೊಳ್ಳಿ, ಊಟದ ಹೊತ್ತು ತಪ್ಪದಂತೆ ನೋಡಿಕೊಳ್ಳಿ.

ಐವತ್ತು ತುಂಬಿದ ನಮ್ಮ ಶಾಲೆಗೆ ಶುಭವಾಗಲಿ. ಮೂರನೆಯ ಸಲ ಪರೀಕ್ಷೆಗೆ ಕೂರುವ ಮಕ್ಕಳನ್ನೂ ಅದು ಇದೇ ಪ್ರೀತಿಯಿಂದ ಸಲಹಲಿ.