ಚಾವಣಿಯ ಮೇಲೊಂದು ಸೌರಮಂಡಲ

1774ರ ಮೇ ತಿಂಗಳಲ್ಲಿ ಚಂದ್ರ, ಬುಧ, ಶುಕ್ರ, ಮಂಗಳ, ಗುರು ಆಕಾಶದ ಒಂದೇ ಕಡೆ ಕೂಡಿದವು. ಅವು ಡಿಕ್ಕಿಯಾಗಿ ಭೂಮಿ ಕಕ್ಷೆ ತಪ್ಪೀತೆಂಬ ಬರಹವೊಂದು ನೆದರ್ಲೆಂಡ್ಸ್‌ನ ಫ್ರೀಸ್‌ಲ್ಯಾಂಡ್ ಪ್ರಾಂತದಲ್ಲಿ ಭೀತಿ ಹಬ್ಬಿಸಿತ್ತು. ಫ್ರಾನೆಕರ್ ಊರಿನಲ್ಲಿ ಉಣ್ಣೆ ಬಾಚುವ ಕಸುಬಿನ ಐಸೆ ಐಸಿಂಗಾ ಅದೇ ವರ್ಷ ತನ್ನ ಮನೆಯ ಚಾವಣಿಯಲ್ಲಿ ಸೌರಮಂಡಲದ ಮಾದರಿ ಕಟ್ಟತೊಡಗಿದ, 1781ರಲ್ಲಿ ಮುಗಿಸಿದ. ಮರದ ಚಕ್ರಗಳು, ಅವಕ್ಕೆ ಹಲ್ಲುಗಳಾಗಿ ಕಬ್ಬಿಣದ ಮೊಳೆಗಳು, ನಡೆಸಲು ಒಂದು ಲೋಲಕದ ಗಡಿಯಾರ. ಬುಧನಿಗೆ ಒಂದು ಸುತ್ತಿಗೆ 88 ದಿನ, ಶನಿಗೆ 29 ವರ್ಷಕ್ಕೂ ಹೆಚ್ಚು, ಆಕಾಶದಲ್ಲಿರುವಂತೆಯೇ.

ದೂರಕ್ಕೆ ಅವನ ಅಳತೆ, ಹತ್ತು ಲಕ್ಷ ಕಿಲೋಮೀಟರಿಗೆ ಒಂದು ಮಿಲಿಮೀಟರು. ಗಾತ್ರಕ್ಕೂ ಅದನ್ನೇ ಹಿಡಿದಿದ್ದರೆ ಸೂರ್ಯ ಸಾಸಿವೆ ಕಾಳಾಗುತ್ತಿದ್ದ, ಭೂಮಿ ಕಣ್ಣಿಗೇ ಬೀಳುತ್ತಿರಲಿಲ್ಲ. ಹಾಗಾಗಿ ಗಾತ್ರದಲ್ಲಿ ರಾಜಿಯಾದ. ದೂರ, ಕಾಲಗಳಲ್ಲಿ ಆಗಲಿಲ್ಲ.

ಇಂದು ಭೌತಶಾಸ್ತ್ರದ ತರಗತಿಗೆ ವರ್ಚುವಲ್ ರಿಯಾಲಿಟಿಯಲ್ಲಿ ಸೌರಮಂಡಲ ಕಟ್ಟುವವರಿಗೂ ಇದೇ ಇಕ್ಕಟ್ಟು. ಗ್ರಹಗಳನ್ನು ಹಿಗ್ಗಿಸಿ, ದೂರವನ್ನು ಕುಗ್ಗಿಸಿ, ಕಾಲವನ್ನು ಓಡಿಸಿದರೆ ನೋಟವೇನೋ ಚೆಂದ. ಆದರೆ ಬಾಹ್ಯಾಕಾಶ ಬಹುಪಾಲು ಬರಿದು ಎಂಬ ಮುಖ್ಯ ಪಾಠವೇ ಮರೆಯಾಗುತ್ತದೆ. ಎಲ್ಲಿ ರಾಜಿಯಾಗಿದ್ದೇವೆಂದು ವಿದ್ಯಾರ್ಥಿಗೆ ತಿಳಿಸಿದರೆ ಮಾತ್ರ ಆಟಿಕೆ ಪಾಠವಾದೀತು. ಐಸಿಂಗಾನ ಶನಿ ಇಂದಿಗೂ ಅದೇ ಚಾವಣಿಯಲ್ಲಿ, ಅದೇ ನಿಧಾನದಲ್ಲಿ ಸುತ್ತುತ್ತಿದೆ.