ಚಪಡನ ಹೆಸರು, ಉರುಮೆಯ ದನಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಅಶೋಕ ಶಾಸನವನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. 1947ರಲ್ಲಿ ಮಾರ್ಟಿಮರ್ ವೀಲರ್ ಅಲ್ಲಿಯ ಬೃಹತ್ ಶಿಲಾಗೋರಿಗಳನ್ನು ಅಗೆಸಿದರು. ಶಾಸನದ ಕೊನೆಯಲ್ಲಿ ಅದನ್ನು ಬರೆದ ಚಪಡನ ಹೆಸರಿದೆ; ತನ್ನ ಕಸುಬನ್ನು ಹೇಳುವ 'ಲಿಪಿಕಾರ' ಪದವನ್ನು ಮಾತ್ರ ಆತ ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. ಚಕ್ರವರ್ತಿಯ ಮಾತಿನಡಿ ಕೆಲಸಗಾರನೊಬ್ಬನ ಹೆಸರು ಉಳಿದದ್ದು ನನಗೆ ಇಂದಿಗೂ ಬೆರಗು.

ಆ ಬೆರಗಿನಲ್ಲೇ ಭಾದ್ರಪದದ ಒಂದು ಮಂಗಳವಾರ ಚಳ್ಳಕೆರೆ ತಾಲ್ಲೂಕಿನ ಗೌರಸಮುದ್ರ ಮಾರಮ್ಮನ ಜಾತ್ರೆಗೆ ಹೋದೆ. ತುಮಲಿನ ಬಯಲ ತುಂಬ ಬೇವಿನ ಸೊಪ್ಪು, ಧೂಳು, ಈರುಳ್ಳಿ ತೂರುವ ಕೈಗಳು. ನಡುವೆ ಉರುಮೆ. ಅದರ ಒಂದು ಮುಖವನ್ನು ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಏಳುವ ದನಿ ನರಳಿಕೆಯಂಥದು.

ಪಶ್ಚಿಮದ ಗೋಥಿಕ್ ಸಂಗೀತೋತ್ಸವಗಳು ಕತ್ತಲನ್ನೂ ಸಾವನ್ನೂ ವೇದಿಕೆಗೆ ತರುತ್ತವೆ. ಇಲ್ಲಿ ವೇದಿಕೆಯೇ ಇಲ್ಲ. ಮಾರಿ ಎಂದರೆ ಸಿಡುಬು, ಕಾಲರಾಗಳ ನೆನಪು. ಬದುಕುಳಿದವರ ಮಕ್ಕಳು ಮೊಮ್ಮಕ್ಕಳು ಅವಳೆದುರು ಕುಣಿಯುತ್ತಾರೆ.

ರಾತ್ರಿ ಟಿಪ್ಪಣಿ ಓದಿಕೊಂಡೆ. ದೇವಿಯ ಹೆಸರು, ಹರಕೆಯ ಬಗೆ, ವಾದ್ಯದ ಅಳತೆ ಎಲ್ಲವೂ ಇತ್ತು. ದಿನವಿಡೀ ನುಡಿಸಿದವರ ಹೆಸರು ಒಂದೂ ಇರಲಿಲ್ಲ. ಉರುಮೆ ಬಹುಮಟ್ಟಿಗೆ ದಲಿತರ ವಾದ್ಯ. ಹಳೆಯ ದಾಖಲೆಗಳು ಅವರನ್ನು ಕೈಬಿಟ್ಟವೆಂದು ಅಧ್ಯಾಯ ಬರೆಯಹೊರಟ ನಾನೂ ಅದನ್ನೇ ಮಾಡಿದ್ದೆ.

ಬೆಳಿಗ್ಗೆ ಮರಳಿ ಹೋದೆ. ಮೇಳಗಳು ಊರು ಬಿಟ್ಟಿದ್ದವು. ಧ್ವನಿಮುದ್ರಣ ನನ್ನ ಬಳಿ ಇದೆ. ಅದರ ಶೀರ್ಷಿಕೆಯಲ್ಲಿ ಕಲಾವಿದರ ಹೆಸರಿನ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಮುಂದಿನ ಭಾದ್ರಪದಕ್ಕೆ ಮೊದಲು ಕೇಳಬೇಕಾದದ್ದು ಅದನ್ನೇ.